ಉಳಿದ ಒಂದು ಎಳೆ

ನಾನು ಬಾಯಿ ಸತ್ತವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ನನ್ನನ್ನು ಬಹಳ ಮೆತ್ತಗಿನ ಹೆಂಗಸು ಎಂದು ತಿಳಿದುಬಿಡುತ್ತೀರಿ. ಇಳಕಲ್ಲಿನ ಯಾವ ನೇಕಾರರ ಓಣಿಗಾದರೂ ಹೋಗಿ ರೂತವ್ವ ಎಲ್ಲಿ ಎಂದು ಕೇಳಿ. "ಕೊಂಡಿ ಹಾಕೂ ರೂತವ್ವನೋ, ಜಗಳ ತಗಿಯೂ ರೂತವ್ವನೋ?" ಎಂದು ತಿರುಗಿ ಕೇಳುತ್ತಾರೆ. ಇಬ್ಬರೂ ನಾನೇ.

ಕೊಂಡಿ ಹಾಕುವುದು ನನ್ನ ಕಸುಬು. ಇಳಕಲ್ ಸೀರೆಯ ಮೈಗೆ ಉದ್ದ ಎಳೆಗಳ ಒಂದು ಹಾಸು, ಸೆರಗಿನ ಕೆಂಪು ರೇಷ್ಮೆಗೆ ಬೇರೊಂದು ಹಾಸು. ಮಗ್ಗದ ಮೇಲೆ ಕೂತು ಆ ಎಳೆಗೆ ಈ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಒಂದು ಸೀರೆಗೆ ಎರಡು ಸಾವಿರಕ್ಕೂ ಮೇಲೆ ಎಳೆಗಳು. ಎದುರಿಗೆ ಆ ಮನೆಯ ಹೆಂಗಸೊಬ್ಬಳು ಕೂತು ಮೈಯ ಎಳೆ ಎತ್ತಿ ಕೊಡುತ್ತಾಳೆ, ನಾನು ಸೆರಗಿನ ಎಳೆಗೆ ಕೂಡಿಸುತ್ತೇನೆ. ಬೆಳಿಗ್ಗೆ ಕೂತರೆ ಏಳುವಾಗ ಮಧ್ಯಾಹ್ನ ದಾಟಿರುತ್ತದೆ. ಕೈ ತನ್ನ ಕೆಲಸ ಮಾಡುತ್ತದೆ, ಬಾಯಿ ತನ್ನ ಕೆಲಸ. ಇಪ್ಪತ್ತೆರಡು ವರ್ಷ ಹೀಗೆ ಮನೆಮನೆ ತಿರುಗಿ, ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚು ಎಂಬುದರಿಂದ ಹಿಡಿದು ಯಾರ ಅಳಿಯ ಹೇಗೆ ಗೊರಕೆ ಹೊಡೆಯುತ್ತಾನೆ ಎಂಬುದರವರೆಗೆ ಎಲ್ಲವನ್ನೂ ಮಾತಾಡಿದ್ದೇನೆ. ಒಂದೇ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ಅದು ಯೇಸುಸ್ವಾಮಿಯ ಮಾತು.

ನಾವು ಮೂಲತಃ ಗುಳೇದಗುಡ್ಡದವರು. ನನ್ನ ಮುತ್ತಜ್ಜನ ಕಾಲದಿಂದ ಕ್ರೈಸ್ತರು, ಅವನಿಗೂ ಹಿಂದಿನಿಂದ ನೇಕಾರರು. ಗಂಡ ಸಮುವೇಲ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಮಗಳು ಆಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು ನರ್ಸಿಂಗ್ ಕಲಿಯುತ್ತಿದ್ದಳು. ಇಳಕಲ್ಲಿನಲ್ಲಿ ನಮ್ಮ ಸಭೆ ಎಂದರೆ ಹನ್ನೊಂದು ಮನೆ. ರವಿವಾರ ಜೋರಾಗಿ ಹಾಡುತ್ತಿದ್ದೆವು, ಸೋಮವಾರ ಸುಮ್ಮನಾಗುತ್ತಿದ್ದೆವು. ಎಲ್ಲ ನೆಟ್ಟಗೇ ನಡೆದಿತ್ತು. 2002ರ ಬೇಸಿಗೆಯಲ್ಲಿ ಸಭೆ ನಡೆಸಲು ಉಡುಪಿ ಕಡೆಯಿಂದ ಹೊಸ ಅಯ್ಯನವರು ಬಂದರು.

ಸುಜನಕುಮಾರ ಅಯ್ಯನವರಿಗೆ ಇಪ್ಪತ್ತೇಳು ವರ್ಷ. ಮಾತು ಪುಸ್ತಕ ತೆರೆದಿಟ್ಟ ಹಾಗೆ. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ಮೂರು ರೊಟ್ಟಿ ಮುಗಿಸಿ, "ಅನ್ನವನ್ನು ಯಾವಾಗ ಬಡಿಸುತ್ತೀರಿ?" ಎಂದು ಕೇಳಿದ ಮಹಾನುಭಾವ. ಬಂದ ಎರಡನೇ ತಿಂಗಳಿಗೆ ಎಲ್ಲರ ಕೈಗೂ ಇಪ್ಪತ್ತಿಪ್ಪತ್ತು ಸಣ್ಣ ಪುಸ್ತಿಕೆ ಕೊಟ್ಟರು. ಕ್ರಿಸ್ಮಸ್ ಹಬ್ಬದೊಳಗೆ ಪ್ರತಿಯೊಬ್ಬರೂ ಕನಿಷ್ಠ ಒಬ್ಬರ ಹತ್ತಿರವಾದರೂ ತಮ್ಮ ನಂಬಿಕೆಯ ಬಗ್ಗೆ ಮಾತಾಡಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ರೂತಮ್ಮನವರೇ, ನಿಮಗಂತೂ ಎಷ್ಟು ಮನೆಗಳ ಬಾಗಿಲು ತೆರೆದಿದೆ ನೋಡಿ" ಎಂದರು. ಹನ್ನೊಂದು ಮನೆಯವರೂ ನನ್ನನ್ನೇ ನೋಡಿದರು. ಆಗಲಿ ಎಂದು ಗೋಣು ಹಾಕದೆ ಬೇರೆ ದಾರಿ ಇರಲಿಲ್ಲ.

ಗೋಣು ಹಾಕುವುದೇನೋ ಹಾಕಿದೆ. ಆದರೆ ಕೊಂಡಿ ಹಾಕಲು ಬಂದವಳು ಬೋಧನೆ ಶುರುಮಾಡಿದಳು ಎಂದು ಸುದ್ದಿ ಹಬ್ಬಿದರೆ ಮರುದಿನ ನನ್ನನ್ನು ಯಾರು ಕರೆಯುತ್ತಾರೆ? ಮಗಳ ಓದು ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು. ಹೀಗಾಗಿ ಒಂದು ಉಪಾಯ ಮಾಡಿದೆ. ಹತ್ತು ಪುಸ್ತಿಕೆ ಒಯ್ದು ಅಹ್ಮದಸಾಬನ ಕಿರಾಣಿ ಅಂಗಡಿಯಲ್ಲಿ ಕೊಟ್ಟು, ರದ್ದಿಯ ಜೊತೆ ಇಟ್ಟುಕೋ, ಬೆಲ್ಲಗಿಲ್ಲ ಕಟ್ಟಿಕೊಡಲು ಬರುತ್ತದೆ ಎಂದೆ. ಜನ ಬೆಲ್ಲದ ಜೊತೆ ತಾವಾಗಿಯೇ ಓದಿಕೊಳ್ಳಲಿ ಎಂದು ನನ್ನ ಲೆಕ್ಕಾಚಾರ. ಅಹ್ಮದಸಾಬ ಕನ್ನಡಕ ಏರಿಸಿ ಒಂದು ಪುಟ ಓದಿದ.

"ಇದರಾಗ ದೇವರ ಹೆಸರೈತಿ ರೂತವ್ವಾ. ಇದರಾಗ ಬೆಲ್ಲ ಕಟ್ಟಾಕ ಬರಂಗಿಲ್ಲ" ಎಂದು ಹೇಳಿ, ಹತ್ತನ್ನೂ ಒರೆಸಿ ಮೇಲಿನ ಕಪಾಟಿನಲ್ಲಿ ಇಟ್ಟ. "ನಿಮ್ಮ ಧರ್ಮದ ಮಾತು ನೀನ ಹೇಳಬೇಕಲ್ಲ, ನನ್ನ ಕಡಿಂದ ಯಾಕ ಹೇಳಿಸ್ತಿ?"

ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ, ಬೇಡದ ಪಾವು ಕಿಲೋ ಚಹಾಪುಡಿ ಕಟ್ಟಿಸಿಕೊಂಡು ಮನೆಗೆ ಬಂದೆ. ಆ ಸಿಟ್ಟಿನಲ್ಲೇ, ನಾಳೆ ಹೊಳಬಸಪ್ಪನ ಮನೆಯಲ್ಲಿ ಮಾತಾಡಿಯೇ ಬಿಡುತ್ತೇನೆ ಎಂದು ತೀರ್ಮಾನಿಸಿದೆ.

ಹೊಳಬಸಪ್ಪನ ಮನೆ ನನಗೆ ತವರಿದ್ದಂತೆ. ಇಳಕಲ್ಲಿಗೆ ಬಂದ ಹೊಸತರಲ್ಲಿ ಮೊದಲು ಕೆಲಸಕ್ಕೆ ಕರೆದದ್ದೇ ಅವರು. ಬಸವಣ್ಣನ ಭಕ್ತರು, ಮಗ್ಗಕ್ಕೆ ಕೂರುವ ಮುಂಚೆ ಲಿಂಗಪೂಜೆ ತಪ್ಪದ ಜನ. ಹೊಳಬಸಪ್ಪ ಮಾತು ಕಡಿಮೆ ಆಡುವ ಮನುಷ್ಯ, ಅವನ ಪಾಲಿನದನ್ನೂ ಸೇರಿಸಿ ಹೆಂಡತಿ ಸಿದ್ದವ್ವ ಆಡುತ್ತಾಳೆ. ಮಗ ನಾಗಲಿಂಗನಿಗೆ ಆ ವರ್ಷವೇ ಬಾದಾಮಿಯಿಂದ ಶೈಲಾಳನ್ನು ತಂದಿದ್ದರು. ಮಗಳು ಸುಮಾಳ ಮದುವೆ ದೀಪಾವಳಿ ಮುಗಿದ ಮೇಲೆ ಎಂದು ಗೊತ್ತಾಗಿತ್ತು. ಊರಿಗೆಲ್ಲ ಸೀರೆ ನೇಯುವ ಹೊಳಬಸಪ್ಪ ಮಗಳ ಮದುವೆಯ ಸೀರೆಯನ್ನು ತಾನೇ ನೇಯುತ್ತೇನೆ ಎಂದು ಹಟ ಹಿಡಿದಿದ್ದ.

ಆ ಸೀರೆಗೆ ಕೊಂಡಿ ಹಾಕುವ ದಿನ ಎಳೆ ಕೊಡಲು ನನ್ನೆದುರು ಕೂತವಳು ಶೈಲಾ. ಅವಳಿಗೆ ಅದೇ ಮೊದಲ ಸಲ. ತಗ್ಗಿಸಿದ ತಲೆ ಎತ್ತದೆ, ಒಂದೊಂದೇ ಎಳೆ ಎತ್ತಿ ಕೊಡುತ್ತಿದ್ದಳು. ನಾನು ಮೊದಲು ಸ್ವಲ್ಪ ಹೊತ್ತು ಬಾಗಲಕೋಟೆಯ ಮಗಳ ಓದು, ಫೀಸಿನ ಮಾತನ್ನೇ ತಿರುತಿರುಗಿ ಆಡಿ, ಆಮೇಲೆ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ. "ಶೈಲಾ, ನಾವೆಲ್ಲಾರೂ ಪಾಪಿಗಳು" ಎಂದು ಶುರುಮಾಡಲೇ? ಬೇಡ, ಹೊಸ ಮದುವಣಗಿತ್ತಿಗೆ ಎಂಥ ಮಾತು ಅದು. "ಶೈಲಾ, ನಿನ್ನ ಮನಸ್ಸಿಗೆ ಸಮಾಧಾನ ಐತೇನು?" ಎನ್ನಲೇ? ಅತ್ತೆಯ ಸುದ್ದಿ ಕೇಳುತ್ತಿದ್ದಾಳೆ ಎಂದು ತಿಳಿದು ಅತ್ತುಬಿಟ್ಟರೆ? ಹೀಗೆ ಕಣ್ಣುಮುಚ್ಚಿ, ತುಟಿ ಅಲ್ಲಾಡಿಸುತ್ತ, ಒಂದು ಮಾತನ್ನು ಹತ್ತು ಸಲ ಒಳಗೊಳಗೇ ಹೇಳಿ ನೋಡಿದೆ. ಬಾಯಿಗೆ ಬರಲೇ ಇಲ್ಲ. ಕೈ ಮಾತ್ರ ಕೆಲಸ ಮಾಡುತ್ತ ಹೋಯಿತು. ಕೊನೆಗೆ ಶೈಲಾ ಕೊಡಲು ಎಳೆ ಉಳಿಯಲಿಲ್ಲ, ಅವಳು ಚಹಾ ತರಲು ಒಳಗೆ ಎದ್ದುಹೋದಳು.

ನನ್ನ ಕಡೆ ಮಾತ್ರ ಕೆಂಪು ಎಳೆ ಒಂದು ಉಳಿದಿತ್ತು.

ಕೊಂಡಿ ಹಾಕುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎಲ್ಲೋ ಮೈಯ ಎರಡು ಎಳೆ ಒಂದೇ ಕೊಂಡಿಗೆ ಹೋಗಿವೆ. ಮೊದಲಿನಿಂದ ಹುಡುಕುತ್ತ ಬರಬೇಕು, ಸಿಕ್ಕ ಜಾಗದಿಂದ ಮುಂದಿನದನ್ನೆಲ್ಲ ಬಿಚ್ಚಿ ಮತ್ತೆ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಹಾಗೆ ಆಗಿರಲಿಲ್ಲ. ಸೊಂಟ ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು, ಅದಕ್ಕಿಂತ ಹೆಚ್ಚಾಗಿ, ರೂತವ್ವನ ಕೈ ತಪ್ಪಿತು ಎಂದು ಹೇಳಲು ನಾಲಿಗೆ ಏಳಲಿಲ್ಲ. ಆ ಎಳೆಯನ್ನು ಉಗುರಿನಿಂದ ಹರಿದು, ಬೆರಳಿಗೆ ಸುತ್ತಿ ಎಸೆದೆ. ಶೈಲಾ ತಂದ ಚಹಾ ಕುಡಿದು ಎದ್ದು ಬಂದೆ.

ಹತ್ತು ದಿನ ಬಿಟ್ಟು ಕರೆ ಬಂತು. ಸೀರೆಯ ಮೈ ಮುಗಿದು ಸೆರಗು ಶುರುವಾಗಿತ್ತು. ಕೆಂಪಿನ ನಡುವೆ ಉದ್ದಕ್ಕೂ ಒಂದು ಗೆರೆ ಎದ್ದು ಕಾಣುತ್ತಿತ್ತು. ಹೊಳಬಸಪ್ಪ ಕಾಲು ಇಳಿಬಿಡುವ ಮಗ್ಗದ ಕುಣಿಯಿಂದ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ.

"ರೂತವ್ವನ ಕೈ ತಪ್ಪಂಗಿಲ್ಲ" ಎಂದ. "ಎಳಿ ಕೊಟ್ಟಾಕಿ ಎರಡೆರಡು ಕೂಡಿಸಿ ಕೊಟ್ಟಾಳ. ಹೊಸಾಕಿ, ಏನ್ ಮಾಡೂದು."

"ಹೊಸಾಕಿ ಅಂತ ಬಿಡಬ್ಯಾಡ್ರಿ" ಎಂದಳು ಸಿದ್ದವ್ವ. "ಮೊನ್ನೆ ಸುಮಾನ ಕೂಡ ಮಾತಿಗೆ ಮಾತು ಬೆಳಸಿದ್ಲಲ್ಲ, ಆ ಹೊಟ್ಟಿಕಿಚ್ಚಿಗೆ ಬೇಕಂತ ಮಾಡ್ಯಾಳ. ಮದವಿ ಸೀರಿಗೆ ಗೆರಿ ಎಳದಾಳ ನೋಡ್ರಿ."

ಶೈಲಾ ಬಾಗಿಲ ಹತ್ತಿರ ನಿಂತಿದ್ದಳು. ಒಂದು ಸಲ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಆಗ ನಾನು ಬಾಯಿ ತೆರೆದೆ. ತೆರೆದು ಹೇಳಿದ್ದೇನು ಗೊತ್ತೇ? "ಆಗ್ತಾವ ಬಿಡ್ರಿ ಸಿದ್ದವ್ವಾ, ಸಣ್ಣ ಹುಡುಗಿ, ಭಾಳ ಬಯ್ಯಬ್ಯಾಡ್ರಿ" ಎಂದೆ. ನನ್ನ ತಪ್ಪಿಗೆ ಅವಳ ಪರವಾಗಿ ವಕಾಲತ್ತು ಮಾಡಿದೆ. "ನಿನ್ನ ಮನಸ್ಸು ಭಾಳ ದೊಡ್ಡದು ರೂತವ್ವಾ" ಎಂದಳು ಸಿದ್ದವ್ವ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ಶೈಲಾಳ ಅಣ್ಣ ಬಂದು ಕರೆದುಕೊಂಡು ಹೋದ. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಹೋಗಿ ಕರೆತರಬೇಕು, ಕರೆಯಲು ಯಾರೂ ಬರದಿದ್ದರೆ ಮರ್ಯಾದಸ್ಥರ ಮಗಳು ತಾನಾಗಿ ಬರುವುದಿಲ್ಲ. ಸಿದ್ದವ್ವ ಯಾರನ್ನೂ ಕಳಿಸಲಿಲ್ಲ. ತಾನೇ ಬಂದು ಸುಮಾಳ ಮುಂದೆ ತಪ್ಪು ಒಪ್ಪಿಕೊಳ್ಳಲಿ ಎಂದಳು. ಒಂದು ತಿಂಗಳಾಯಿತು, ಎರಡಾಯಿತು. ನಾಗಲಿಂಗ ಕೆಲಸ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ, ಬಾದಾಮಿ ಬಸ್ಸಿನಿಂದ ಇಳಿಯುವವರನ್ನೆಲ್ಲ ನೋಡಿ ಮನೆಗೆ ಬರುತ್ತಿದ್ದ. ಸುಮಾಳ ಮದುವೆಗೂ ಕರೆಯದಿದ್ದರೆ ಹುಡುಗಿಯನ್ನು ಇನ್ನು ಕಳಿಸುವ ಮಾತೇ ಇಲ್ಲ ಎಂದು ಬಾದಾಮಿಯಿಂದ ಹೇಳಿ ಕಳಿಸಿದರು. ಮದುವೆಗೆ ಉಳಿದದ್ದು ಐದು ವಾರ.

ಅತ್ತ ಅಯ್ಯನವರು ನನ್ನ ಬೆನ್ನು ಬಿಡಲಿಲ್ಲ. ಯಾರ ಹತ್ತಿರ ಮಾತಾಡಿದಿರಿ, ಏನಂದರು, ಬರುವ ರವಿವಾರ ಎಲ್ಲರ ಮುಂದೆ ಹೇಳಿ ಎಂದರು. ನಾನು ನನಗೇ ಹೇಳಿಕೊಂಡೆ: ಶೈಲಾಳ ವಿಷಯ ಬೇರೆ, ದೇವರ ವಿಷಯ ಬೇರೆ. ಎಷ್ಟು ನಾಜೂಕಾಗಿ ಬೇರೆ ಮಾಡಿದ್ದೆ ನೋಡಿ. ಒಂದು ಪುಸ್ತಿಕೆ ಸೆರಗಿನಲ್ಲಿ ಕಟ್ಟಿಕೊಂಡು ನೇರ ಸಿದ್ದವ್ವನ ಮನೆಗೆ ಹೋದೆ.

ಅವಳು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನೂ ಕೂತೆ. ಮಳೆಯ ಸುದ್ದಿ ಆಯಿತು, ರೇಷ್ಮೆಯ ಸುದ್ದಿ ಆಯಿತು. ಆಮೇಲೆ ಉಸಿರು ಹಿಡಿದು, ಮೂರು ತಿಂಗಳಿಂದ ಕಲಿತದ್ದನ್ನು ಒಪ್ಪಿಸಿದೆ.

"ಸಿದ್ದವ್ವಾ, ನಾವೆಲ್ಲಾರೂ ಪಾಪಿಗಳು. ಆದರ ನಮ್ಮ ಪಾಪ ಒಪ್ಪಿಕೊಂಡ್ರ ದೇವರು ಕ್ಷಮಾ ಮಾಡ್ತಾನ. ಅದಕ್ಕಂತ ಯೇಸುಸ್ವಾಮಿ ಬಂದ."

ಸಿದ್ದವ್ವ ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ. ಸಿಟ್ಟೂ ಆಗಲಿಲ್ಲ. "ಹಂಗೇನು" ಎಂದಳು. "ನನ್ನ ಪಾಪದ ಸುದ್ದಿ ನಾ ನೋಡ್ಕೋತೇನಿ. ನೀ ಏನ್ ಪಾಪ ಮಾಡೀ, ಅದನ್ನ ಹೇಳು."

ಖರೆಯಾಗಿಯೇ ತಿಳಿದುಕೊಳ್ಳಬೇಕೆಂದು ಕೇಳಿದಳು. ನಾನು ಆ ಪ್ರಶ್ನೆಗೆ ಏನನ್ನೂ ಕಲಿತಿರಲಿಲ್ಲ. ಸಣ್ಣಪುಟ್ಟದ್ದು ಏನಾದರೂ ಹೇಳೋಣ, ಸಮುವೇಲನಿಗೆ ಬೈದದ್ದೋ, ಪ್ರಾರ್ಥನೆಯಲ್ಲಿ ತೂಕಡಿಸಿದ್ದೋ ಎಂದು ತಡಕಾಡಿದೆ. ಏನೂ ಸಿಗಲಿಲ್ಲ. ಸಿಕ್ಕದ್ದು ಒಂದೇ.

"ಸುಮಾನ ಸೀರಿ ಕೊಂಡಿ ನಾ ತಪ್ಪಿಸಿದ್ದು" ಎಂದೆ.

ಅವಳ ಕೈ ನಿಂತಿತು.

"ಎರಡು ಎಳಿ ಒಂದ ಕೊಂಡಿಗೆ ಹಾಕಿದೆ. ಕಡೀಕ ಒಂದು ಉಳೀತು. ಗೊತ್ತಾತು. ಗೊತ್ತಾದ ಮ್ಯಾಲೂ ಅದನ್ನ ಹರದು ಒಗದೆ. ಶೈಲಾಂದು ಏನೂ ತಪ್ಪಿಲ್ಲ. ನೀ ಆಕೀಗೆ ಬಯ್ಯೂ ಮುಂದ ನಾ ಇಲ್ಲೇ ನಿಂತು ದೊಡ್ಡ ಮನಸ್ಸಿನಾಕಿ ಅನಿಸಿಕೊಂಡೆ."

ಸಿದ್ದವ್ವ ಜೋಳದ ಮೊರವನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಕಟ್ಟಿ ಇಳಿ" ಎಂದಳು. "ಇಪ್ಪತ್ತೆರಡು ವರ್ಷ ನನ್ನ ಕೈ ರೊಟ್ಟಿ ತಿಂದಿ. ಇಳಿ."

ಇಳಿದೆ. ಯಾರಾದರೂ ಒಂದು ಅಂದರೆ ನಾಲ್ಕು ಅನ್ನುವ ನಾನು, ತಿರುಗಿ ಒಂದು ಮಾತು ಆಡದೆ ಬಂದೆ. ಸಂಜೆಯೊಳಗೆ ಸುದ್ದಿ ಓಣಿ ತುಂಬ ಆಗಿತ್ತು. ಎರಡು ಮನೆಯವರು ನಾಳೆ ಬರಬೇಡ ಎಂದು ಹೇಳಿ ಕಳಿಸಿದರು. ಸಮುವೇಲನಿಗೆ ಎಲ್ಲವನ್ನೂ ಹೇಳಿದೆ. ಅವನು ಕೇಳಿ, "ಊಟ ಮಾಡು" ಎಂದ. ಅಚ್ಚರಿ ಎಂದರೆ, ಮಾಡಿದೆ. ಎಷ್ಟೋ ದಿನಗಳ ಮೇಲೆ ರುಚಿ ತಿಳಿಯುವಂತೆ ಉಂಡೆ. ಕೆಲಸ ಹೋಯಿತು, ಮಾನ ಹೋಯಿತು, ಮಗಳ ಫೀಸಿನ ಗತಿ ದೇವರೇ ಬಲ್ಲ, ಆದರೂ ಎದೆಯ ಮೇಲಿನ ಬಂಡೆ ಯಾರೋ ಇಳಿಸಿದಂತೆ ಹಗುರಾಗಿತ್ತು. ಪಾತ್ರೆ ತೊಳೆಯುತ್ತ ಹಾಡು ಗುನುಗಿದೆ. ಸಮುವೇಲ ಬಾಗಿಲಿಗೆ ಬಂದು ಇಣುಕಿ, ತಲೆ ಗಿಲೆ ಕೆಟ್ಟಿತೇ ಎಂದು ನೋಡಿ ಹೋದ.

ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಸಿದ್ದವ್ವ. ಹಸಿರು ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು.

"ಬಾದಾಮಿಗೆ ಹೊಂಟೇನಿ" ಎಂದಳು. "ನಾಗಲಿಂಗ ನಾ ಹೋಗ್ತೇನಿ ಅಂದ. ನಾನ ಬ್ಯಾಡ ಅಂದೆ. ಕರಿಯೂದು ಬಿಟ್ಟಾಕಿ ನಾ, ಕರಿಯಾಕೂ ನಾನ ಹೋಗಬೇಕು. ನೀನೂ ಬಾ."

ನನ್ನನ್ನು ಯಾಕೆ ಕರೆದೊಯ್ಯುತ್ತಿದ್ದಾಳೆ ಎಂದು ಹೊಳೆಯಿತು. ಬೀಗರ ಮನೆಯ ನಡುಮನೆಯಲ್ಲಿ ನನ್ನನ್ನು ನಿಲ್ಲಿಸಿ, ಇಗೋ ಕಳ್ಳಿ ಇವಳು, ನಮ್ಮದೇನೂ ತಪ್ಪಿಲ್ಲ, ಹುಡುಗಿಯನ್ನು ಕಳಿಸಿ ಎನ್ನುತ್ತಾಳೆ. ಎನ್ನಲಿ, ಅದು ನ್ಯಾಯವೇ. ಚಪ್ಪಲಿ ಮೆಟ್ಟಿ ಹೊರಟೆ.

ಬಸ್ಸು ಹುನಗುಂದ ದಾಟಿತು. ಅಮೀನಗಡದಲ್ಲಿ ಸಿದ್ದವ್ವ ಕಿಟಕಿಯಿಂದಲೇ ಕೈ ಚಾಚಿ ಎರಡು ಡಬ್ಬಿ ಕರದಂಟು ತೆಗೆದುಕೊಂಡಳು. ಸೊಸೆಗೆ ಕರದಂಟು ಪ್ರೀತಿಯಂತೆ. ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಕೇಳಿದಳು.

"ಯಾರಿಗೂ ಗೊತ್ತಿದ್ದಿಲ್ಲ. ಯಾರೂ ಕೇಳಿದ್ದಿಲ್ಲ. ಯಾಕ ಹೇಳಿದಿ?"

"ನೀ ಕೇಳಿದ್ಯಲ್ಲ."

"ನಾ ಸೀರಿ ಸುದ್ದಿ ಕೇಳಿದ್ದಿಲ್ಲ. ಸುಳ್ಳ ಹೇಳಬೇಕಂದ್ರ ನಿನಗ ಬರಂಗಿಲ್ಲೇನು? ಖರೆ ಹೇಳು."

ಆಗ ಮಾತು ಬಂತು. ಪುಸ್ತಿಕೆಯ ಮಾತಲ್ಲ. ನನ್ನ ಅಜ್ಜಿ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತ ನನಗೆ ಹೇಳುತ್ತಿದ್ದಳಲ್ಲ, ಆ ಮಾತು. "ಏನಿಲ್ಲ ಸಿದ್ದವ್ವಾ" ಎಂದೆ. "ನಾ ಯಾರನ್ನ ದೇವರಂತೇನಲ್ಲ, ಆತ ಯಾವ ತಪ್ಪೂ ಮಾಡಿದಾಂವಲ್ಲ. ಬಡಿಗ್ಯಾರ ಮನ್ಯಾಗ ಬೆಳದಾಂವ, ದುಡದ ಕೈ. ಮಂದಿ ದೂರ ಇಟ್ಟವರ ಕೂಡ ಕುಂತ ಉಂಡಾಂವ. ಕಡೀಕ ಆತನ ಮ್ಯಾಲ ಇಲ್ಲದ ಅಪವಾದ ಹೊರಸಿದ್ರು. ನಾ ಅಲ್ಲ ಅಂತ ಒಂದ ಮಾತು ಅಂದಿದ್ರ ಬಿಡುಗಡಿ ಆಗ್ತಿತ್ತೇನೋ. ಅನ್ನಲಿಲ್ಲ. ಮಂದಿ ತಪ್ಪು ತನ್ನ ಮ್ಯಾಲ ಇರ್ಲಿ ಅಂತ ಸುಮ್ನ ನಿಂತ. ಗೆಳ್ಯಾರು ಓಡಿ ಹೋದ್ರು. ನನ್ನಂಗ, ಕಣ್ಣಾರೆ ನೋಡಿಕೋತ ಸುಮ್ನಾದವರೂ ಇದ್ರು."

"ಆಮ್ಯಾಲ?" ಎಂದದ್ದು ಸಿದ್ದವ್ವ ಅಲ್ಲ, ಕಂಡಕ್ಟರ್ ಇಮಾಮಹುಸೇನ. ಟಿಕೆಟ್ ಹರಿಯುವುದನ್ನು ಬಿಟ್ಟು ಕಂಬಕ್ಕೆ ಒರಗಿ ನಿಂತಿದ್ದ. "ಸ್ವಲ್ಪ ಜೋರ್ ಹೇಳ್ರೆವ್ವಾ, ಹಿಂದಿನವರಿಗೆ ಕೇಳಸವಲ್ದು."

ಹಿಂದೆ ತಿರುಗಿ ನೋಡಿದರೆ ನಾಲ್ಕು ಸೀಟಿನ ಜನ ಮುಂದಕ್ಕೆ ಬಾಗಿ ಕೂತಿದ್ದಾರೆ. ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಲೇ ಕಿವಿಗೊಟ್ಟಿದ್ದಾಳೆ. ಯಾವ ಬಾಯಿ ಮೂರು ತಿಂಗಳು ಹೊಲಿದುಕೊಂಡಿತ್ತೋ ಅದು ಬಿಚ್ಚಿತು. ಕೊಂದದ್ದು ಹೇಳಿದೆ, ಮೂರನೆಯ ದಿನ ಎದ್ದದ್ದು ಹೇಳಿದೆ, ಎದ್ದು ಬಂದವನು ಓಡಿಹೋದ ಗೆಳೆಯರನ್ನೇ ಹುಡುಕಿಕೊಂಡು ಹೋಗಿ ಕೆರೆಯ ದಂಡೆಯಲ್ಲಿ ಅವರಿಗೆ ಮೀನು ಸುಟ್ಟು ಉಣ್ಣಲು ಕೊಟ್ಟದ್ದು ಹೇಳಿದೆ. ಬೈಯಲಿಲ್ಲವೇ ಎಂದು ಹಾಲು ಕುಡಿಸುವವಳು ಕೇಳಿದಳು. ಬೈಯಲಿಲ್ಲ, ಉಣ್ಣಾಕ ಬರ್ರಿ ಅಂದ ಎಂದೆ. ಹೇಳುತ್ತ ನನಗೇ ಅಳು ಬಂತು, ಅಳುತ್ತಲೇ ನಗು ಬಂತು. "ಅಂಥಾವನ ಮುಂದ ಕುಂತು ರವಿವಾರಕ್ಕೊಮ್ಮೆ ಹಾಡತೇನಿ ಸಿದ್ದವ್ವಾ. ನಿನ್ನ ಸೊಸಿ ನನ್ನ ತಪ್ಪು ಹೊತಗೊಂಡು ತವರಾಗ ಕುಂತಾಳ. ಹಾಡು ಗಂಟಲದಾಗ ಸಿಗಬೀಳತಿತ್ತು. ಅದಕ್ಕ ಹೇಳಿದೆ."

ಗುಳೇದಗುಡ್ಡದಲ್ಲಿ ಬಸ್ಸು ನಿಂತಾಗ ಇಳಿಯಬೇಕಿದ್ದವರಲ್ಲಿ ಇಬ್ಬರು ಇಳಿಯುವುದನ್ನು ಮರೆತಿದ್ದರು. ಇಮಾಮಹುಸೇನ ಅವರನ್ನು ಬೈದು ಇಳಿಸಿದ.

"ಚಲೋ ಮಾತು" ಎಂದಳು ಸಿದ್ದವ್ವ. "ನಮ್ಮ ಶರಣರೂ ಅಂಥಾವರ. ಆದರ ನಮ್ಮ ನಿಮ್ಮಂಥ ಮಂದಿ ಹಂಗ ಇರಾಕ ಆಗೂದಿಲ್ಲ ರೂತವ್ವಾ. ಮಾಡಲಾರದ ತಪ್ಪು ಹೊತ್ತು ಬಾಯಿ ಮುಚ್ಚಿಕೊಂಡು ಯಾರ ಇರ್ತಾರ?"

ಯಾರೂ ಇರುವುದಿಲ್ಲ ಎಂದು ನಾನೂ ಒಪ್ಪಿದೆ.

ಬಾದಾಮಿಯಲ್ಲಿ ಶೈಲಾಳ ತವರು ಕೆಂಪು ಗುಡ್ಡದ ಬುಡಕ್ಕಿರುವ ಓಣಿಯಲ್ಲಿ. ಅವಳ ತಾಯಿ ಅಂಬವ್ವ ನಮ್ಮನ್ನು ಕಂಡು ಬನ್ನಿ ಎಂದಳೇ ಹೊರತು ಮುಖ ಸಡಿಲಿಸಲಿಲ್ಲ. ಚಾಪೆ ಹಾಸಿದಳು. ಅಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ. ಶೈಲಾ ಕಾಲಿಗೆ ನೀರು ತಂದಿಟ್ಟು ಹಿಂದೆ ಸರಿದಳು. ಸೊರಗಿದ್ದಳು. ನಾನು ಈಗ ಸಿದ್ದವ್ವ ನನ್ನ ಕಡೆ ಬೆರಳು ತೋರಿಸುತ್ತಾಳೆ ಎಂದು ಕಾಯುತ್ತ ನಿಂತೆ.

ಸಿದ್ದವ್ವ ಚಾಪೆಯ ಮೇಲೆ ಕೂ‌ರಲಿಲ್ಲ. ನಿಂತೇ ಮಾತಾಡಿದಳು.

"ಶೈಲಾ, ಕೊಂಡಿ ತಪ್ಪಿಸಿದ್ದು ಈಕಿ ಕೈ. ಅದನ್ನ ನನ್ನ ಮನಿಗೆ ಬಂದು, ನನ್ನ ಕಟ್ಟಿ ಮ್ಯಾಲ ಕುಂತು, ಯಾರೂ ಕೇಳದ ಹೇಳಿದ್ಲು. ಬೇಕಂತ ಮಾಡಿದಿ, ಹೊಟ್ಟಿಕಿಚ್ಚಿನಾಕಿ ಅಂದದ್ದು ನನ್ನ ಬಾಯಿ. ಅದನ್ನ ನಿನ್ನ ಮನಿಗೆ ಬಂದು ನಾ ಹೇಳಾಕತ್ತೇನಿ. ನಂದು ತಪ್ಪಾತವಾ. ಮನಿಗೆ ಬಾ."

ನಾನು ನಲವತ್ತಾರು ವರ್ಷ ಬದುಕಿದವಳು. ಅತ್ತೆಯೊಬ್ಬಳು ಬೀಗರ ನಡುಮನೆಯಲ್ಲಿ ನಿಂತು ಸೊಸೆಗೆ ತಪ್ಪಾಯಿತು ಎಂದದ್ದನ್ನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಅಂಬವ್ವನ ಮುಖ ಕರಗಿ ಹೋಯಿತು. ಅಣ್ಣ ಬಾಗಿಲು ಬಿಟ್ಟು ಸರಿದ. ಶೈಲಾ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ನನಗ ಗೊತ್ತಿತ್ತರಿ ಅತ್ತಿ" ಎಂದಳು.

"ಏನು ಗೊತ್ತಿತ್ತು?"

"ಎರಡು ಎಳಿ ಒಂದ ಕೊಂಡಿಗೆ ಹೋಗಿದ್ದು ನಾ ಅವತ್ತ ನೋಡಿದ್ದೆ. ರೂತಕ್ಕ ಕಣ್ಣ ಮುಚ್ಚಿ ತುಟಿ ಅಲ್ಲಾಡಸಾಕತ್ತಿದ್ರು. ಜಪಾ ಮಾಡಾಕತ್ತಾರ, ನಡುವ ಮಾತಾಡಬಾರದು, ಕಡೀಕ ಅವರ ಸರಿ ಮಾಡ್ತಾರ ಅಂತ ಸುಮ್ನಾದೆ."

"ಮತ್ತ ನಾ ಅಷ್ಟು ಬಯ್ಯೂ ಮುಂದ ಯಾಕ ಹೇಳಲಿಲ್ಲ?" ಎಂದಳು ಸಿದ್ದವ್ವ.

ಶೈಲಾ ನನ್ನ ಕಡೆ ನೋಡಿ, ನೋಡಬಾರದಿತ್ತು ಎಂಬಂತೆ ಮುಖ ತಿರುಗಿಸಿದಳು. "ಹೇಳಿದ್ರ ಅವರನ್ನ ಯಾರೂ ಕೆಲಸಕ್ಕ ಕರೀತಿದ್ದಿಲ್ರಿ. ಮಗಳು ಬಾಗಲಕೋಟ್ಯಾಗ ಕಲಿಯಾಕತ್ತಾಳಂತ ಅವತ್ತು ಹತ್ತು ಸಲ ಹೇಳಿದ್ರು. ನನಗ ಬಂದು ಇರಾಕ ತವರಮನಿ ಐತಿ. ಅವರಿಗೆ ಆ ಎರಡು ಕೈ ಬಿಟ್ರ ಏನೈತ್ರಿ?"

ಸಿದ್ದವ್ವ ನನ್ನ ಕಡೆ ನಿಧಾನವಾಗಿ ತಿರುಗಿದಳು. ಅವಳ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

"ರೂತವ್ವಾ, ಬಸ್ಸಿನ್ಯಾಗ ನೀ ಹೇಳಿದ್ದನ್ನ ಈಕೀಗೆ ಯಾರು ಹೇಳಿದ್ರು?"

ಯಾರು ಹೇಳಿದ್ದರು? ನಾನಂತೂ ಹೇಳಿರಲಿಲ್ಲ. ಅವಳೆದುರು ಅರ್ಧ ದಿನ ಕೂತು, ಹೇಗೆ ಹೇಳಲಿ ಎಂದು ಒದ್ದಾಡಿ ಎದ್ದು ಬಂದವಳು ನಾನು. ಯಾರ ಮಾತು ಆಡಲು ನಾನು ಹೆದರಿದ್ದೆನೋ ಆತ ನನಗಿಂತ ಮೊದಲೇ ಆ ಮನೆಗೆ ಬಂದು, ಆ ಹುಡುಗಿಯ ಹತ್ತಿರ ಕೂತಿದ್ದ. ನನಗೆ ಬಂದ ಅಳು ಎಂಥದೆಂದರೆ, ಓಣಿಯ ಹೆಂಗಸರು ಯಾರೋ ಸತ್ತರೆಂದು ಇಣುಕಿ ನೋಡಿದರು. ಅದು ಸಂತೋಷದ ಅಳು ಎಂದು ಅವರಿಗೆ ತಿಳಿಸಿ ಹೇಳುವುದರಲ್ಲಿ ಅಂಬವ್ವನಿಗೆ ಸಾಕುಸಾಕಾಯಿತು.

ಶೈಲಾಳ ಮುಂದೆ ಕೂತೆ. ನನ್ನ ಮಗಳಿಗಿಂತ ಒಂದೇ ವರ್ಷ ದೊಡ್ಡವಳು ಅವಳು. "ನನ್ನ ಕ್ಷಮಾ ಮಾಡ ತಾಯಿ" ಎಂದೆ.

"ಪಂಚಮಿ ದಿನಾನ ಮಾಡೇನ್ರಿ ಅಕ್ಕಾ" ಎಂದಳು. "ರೊಟ್ಟಿ ಆರಾಕತ್ತಾವ. ಉಣ್ಣಾಕ ಏಳ್ರಿ."